ನಮ್ಮ ಬಾಲ್ಕನಿಯ ಕೆಳಗಿನ ಕೂಗು

ಬಯೂಮಿ,

ಇವತ್ತು ಬೆಳಿಗ್ಗೆ ಕೈರೋದ ಶುಬ್ರಾದಲ್ಲಿರುವ ನಮ್ಮ ಗಲ್ಲಿಗೆ ನಿನ್ನ ಕೂಗು ಬಂತು. "ಹಳೇ ಸಾಮಾನೇಯ್!" ಗ್ಯಾಸಿನವನು ಸಿಲಿಂಡರ್ ಬಡಿಯುತ್ತಿದ್ದ, ಆಟೋಗಳು ಹಾರನ್ ಹೊಡೆಯುತ್ತಿದ್ದವು, ಅಷ್ಟರಲ್ಲೂ ಗುರುತು ಸಿಕ್ಕಿತು. ನಿಶ್ಚಿತಾರ್ಥದ ಉಂಗುರ ತರುತ್ತೇನೆಂದು ಹೋದ ನೀನು ಮರಳದ ಮೇಲೆ ಈ ಗಲ್ಲಿ ನನ್ನ ಪಾಲಿಗೆ ಮೂಕವಾಗಿತ್ತು. ಹೆಚ್ಚುತ್ತಿದ್ದ ಸೊಪ್ಪನ್ನು ಅಲ್ಲೇ ಬಿಟ್ಟು ಬಾಲ್ಕನಿಗೆ ಓಡಿದೆ.

ಕೆಳಗೆ ಯಾರೋ ದಪ್ಪ ಮೀಸೆಯವನು ಗಾಡಿಯ ಮೇಲೆ ಸಿಗರೇಟು ಸೇದುತ್ತ ಕೂತಿದ್ದ. ಕೂಗುತ್ತಿದ್ದದ್ದು ಅವನ ಸ್ಪೀಕರು.

"ಅಣ್ಣಾ, ಈ ದನಿ ಯಾರ್ದು?"

"ಗೀಜಾದಲ್ಲಿ ಬಯೂಮಿ ಅಂತ ಇದಾನಕ್ಕಾ, ಅವನ್ದು. ನಾವೆಲ್ಲ ಇದನ್ನೇ ಹಾಕ್ಕೊಂಡು ತಿರುಗ್ತೀವಿ. ಗಂಟಲು ನೋಯಲ್ಲ ನೋಡಿ."

ಅಷ್ಟರಲ್ಲಿ ನಿನ್ನ ಕೂಗಿನ ಬೆನ್ನಿಗೇ ಸ್ಪೀಕರಿನಿಂದ ಒಂದು ಹೆಣ್ಣುದನಿ ಬಂತು: "ನಿಲ್ಲೋ, ಬಂದೆ!"

ಅದು ನನ್ನದು. ನೀನು ಇದೇ ಬಾಲ್ಕನಿಯ ಕೆಳಗೆ ನಿಂತು ಮೊಬೈಲಿನಲ್ಲಿ ಕೂಗು ರೆಕಾರ್ಡ್ ಮಾಡಿಕೊಂಡ ದಿನ, ಹಗ್ಗದ ಬುಟ್ಟಿಯಲ್ಲಿ ನಿನಗೆ ಟೀ ಇಳಿಸಲು ಓಡಿಬರುತ್ತ ಕೂಗಿದ ಮಾತು. ಊರಿಗೆಲ್ಲ ಹಂಚುವ ಮೊದಲು ಅದನ್ನಾದರೂ ಅಳಿಸಬಹುದಿತ್ತು.

ಮೇಲಿನ ಮನೆಯ ಉಮ್ ಹಿಶಾಮ್ ಕಿಟಕಿಯಿಂದ ಬಗ್ಗಿ ನಕ್ಕಳು. "ಏನೇ ಇನ್ಶಿರಾಹ್, ಕೈರೋ ತುಂಬಾ ಅವನನ್ನೇ ಕರೀತಾ ತಿರುಗ್ತಿದೀಯಾ?"

ಗಾಡಿ ಹೊರಟಿತು. ತಿರುವಿನಾಚೆ ನೀನು ಮತ್ತೆ ಕೂಗಿದೆ. ನಾನು ತುಟಿ ಕಚ್ಚಿಕೊಂಡು ನಿಂತಿದ್ದೆ. ಆದರೂ ಪಕ್ಕದ ಗಲ್ಲಿಯಿಂದ ನನ್ನ ದನಿ ಕೇಳಿಸಿತು:

"ನಿಲ್ಲೋ, ಬಂದೆ!"