ಸುಣ್ಣದ ಗೆರೆಗಳು

ಹಾಸ್ಟೆಲ್, ಕೋಣೆ ಹನ್ನೊಂದು
ಫೆಬ್ರವರಿ ೯, ಭಾನುವಾರ

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳಿ, ಪೌರುಷ ಬೇಡ. ಅಮ್ಮನ ಕೆಮ್ಮು ಕಡಿಮೆಯಾಯಿತೇ? ನಾನು ಇದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರುತ್ತಿಲ್ಲ.

ಹೊಸ ಕೋಚ್ ಮೇಡಂ ಮೊದಲ ದಿನವೇ ನನ್ನ ಓಟವನ್ನು ಫೋನಿನಲ್ಲಿ ಹಿಡಿದು, ನಿಧಾನ ಮಾಡಿ ತೋರಿಸಿದರು. ಪ್ರತಿ ಹೆಜ್ಜೆಗೂ ನನ್ನ ಪಾದ ಮೈಗಿಂತ ಒಂದು ಗೇಣು ಮುಂದೆ ಹೋಗಿ, ಹಿಮ್ಮಡಿ ಊರಿ ನಿಲ್ಲುತ್ತದೆ. ನೂರು ಮೀಟರ್ ಉದ್ದಕ್ಕೂ ನನಗೆ ನಾನೇ ಬ್ರೇಕ್ ಹಾಕಿಕೊಳ್ಳುತ್ತಿದ್ದೆ. "ಹಿಂಗೆ ಕಾಲು ಚಾಚೋದು ಯಾರು ಕಲಿಸಿದ್ದು?" ಎಂದು ಕೇಳಿದರು. ನಾನೇ ಕಲಿತೆ ಅಂದೆ. ನಿಮ್ಮನ್ನು ಬಿಟ್ಟುಕೊಡಲಿಲ್ಲ, ಅದೊಂದು ನೆನಪಿರಲಿ.

ಅಂಚೆ ಹಂಚಿ ಬಂದು, ಬೂಟು ಬಿಚ್ಚಿ, ಪಾದ ಒದ್ದೆ ಮಾಡಿಕೊಂಡು ಮನೆ ಹಿಂದಿನ ಸಿಮೆಂಟ್ ಓಣಿಯಲ್ಲಿ ನೀವು ಒಮ್ಮೆ ಓಡುತ್ತಿದ್ದಿರಿ. ಪಾದದ ಗುರುತು ಮೂಡಿದಲ್ಲೆಲ್ಲ, ಆರುವ ಮೊದಲೇ, ಸುಣ್ಣದ ಗೆರೆ ಎಳೆಯುತ್ತಿದ್ದಿರಿ. "ಹೆಜ್ಜೆ ಉದ್ದ ಆದ್ರೆ ವೇಗ ತಾನಾಗೇ ಬರತ್ತೆ." ನಾನು ಆ ಗೆರೆಗಳ ಮೇಲೇ ಕಾಲಿಟ್ಟು ಓಡಬೇಕು, ಗೆರೆ ತಪ್ಪಿದರೆ ಮೊದಲಿಂದ. ನೀವು ಆರಡಿ ಎರಡಂಗುಲ, ನಾನು ಇವತ್ತಿಗೂ ಐದಡಿ. ಆರು ವರ್ಷ ನಿಮ್ಮ ಹೆಜ್ಜೆಗೆ ಕಪ್ಪೆಯ ಹಾಗೆ ಹಾರಿದೆ. ತೊಡೆಯ ಸ್ನಾಯು ಮೂರು ಸಲ ಹರಿಯಿತು, ಮೂರು ಸಲವೂ ಸೋಮಾರಿತನ ಅಂದಿರಿ. ದಿನವಿಡೀ ಬೀದಿ ಸುತ್ತಿ ದಣಿದವರು ನನಗಾಗಿ ಓಡುತ್ತಿದ್ದುದನ್ನೂ ಮರೆತಿಲ್ಲ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ಈಗ ಪಾದ ಸೊಂಟದ ಕೆಳಗೇ ಊರಬೇಕು, ಮಂಡಿ ಎತ್ತಬೇಕು, ಮೊಣಕೈ ಹಿಂದಕ್ಕೆ ಬೀಸಬೇಕು. ಗಿಡ್ಡ ಹೆಜ್ಜೆ, ಆದರೆ ಚುರುಕು. ನಾಲ್ಕೇ ತಿಂಗಳಲ್ಲಿ ಅರ್ಧ ಸೆಕೆಂಡು ಇಳಿಯಿತು. ಮೇಡಂ ಬೆನ್ನು ತಟ್ಟಿದರು, ನಾನು ಬಚ್ಚಲಿಗೆ ಹೋಗಿ ಅತ್ತೆ. ಕಿರಿಯರ ತಂಡ ಸೇರಲು ನನಗೆ ಬೇಕಿದ್ದುದು ಆ ಅರ್ಧ ಸೆಕೆಂಡೇ. ಆ ತಂಡದ ವಯಸ್ಸಿನ ಮಿತಿಯನ್ನು ನಾನು ಕಳೆದ ತಿಂಗಳು ದಾಟಿದೆ. ದೊಡ್ಡವರ ತಂಡದ ಕನಸು ಕಾಣಲು ಈ ತೊಡೆ ಬಿಡುವುದಿಲ್ಲ.

ಅಮ್ಮನಿಗೆ ನಮಸ್ಕಾರ, ತಂಗಿಗೆ ಮುತ್ತು. ನಿಮಗೂ ನಮಸ್ಕಾರ. ಅದನ್ನೂ ಕೊಡದಷ್ಟು ಕೆಟ್ಟವಳಲ್ಲ.

ಇಂತಿ,
ನಿಮ್ಮ ದೊಡ್ಡ ಮಗಳು

ತಾ.ಕ.: ನಿನ್ನೆ ಫೋನಿನಲ್ಲಿ ತಂಗಿ, "ಅಕ್ಕಾ, ಅಪ್ಪ ನಂಗೂ ಗೆರೆ ಹಾಕಿದಾರೆ, ನಾಲ್ಕು ಮುಟ್ಟಿದೆ" ಅಂತ ಕುಣಿದಳು. ಆ ಮಂಡಿ ಇಟ್ಟುಕೊಂಡು ಮತ್ತೆ ಓಡಿದಿರಾ? ಅವಳಿಗೆ ಒಂಬತ್ತು ವರ್ಷ ಅಪ್ಪ. ಕಾಗದ ಮಡಚುವ ಮೊದಲು ಒಂದು ಬಕೆಟ್ ನೀರು ತೆಗೆದುಕೊಂಡು ಹೋಗಿ ಆ ಗೆರೆಗಳನ್ನು ತೊಳೆದುಬಿಡಿ. ಆಮೇಲೆ ಅವಳು ಓಡಲಿ, ನೀವು ಸುಮ್ಮನೆ ನಿಂತು ನೋಡಿ.