ರಾಧಾಮಣಿಯ ಪೇಪರ್

ಮಾರ್ಚ್ 4, 2024, ಸೋಮವಾರ

ದಿನಪತ್ರಿಕೆಗಳಿಗೆ ಲೈಬ್ರರಿ ಮೊಹರು ಹಾಕಿದೆ. ಎರಡು ಪುಸ್ತಕ ವಾಪಸ್ ಬಂದವು. ಪಕ್ಕದ ಮೇಜಿನ ಸಹೋದ್ಯೋಗಿ ರಾಧಾಮಣಿ ತೀರಿಕೊಂಡು ತಿಂಗಳಾಯಿತು. ಅವಳ ಕುರ್ಚಿ ಮೇಲೆ ಯಾರೋ ಹಳೇ ಜರ್ನಲ್ ಕಟ್ಟು ಇಟ್ಟಿದ್ದಾರೆ. ಇರಲಿ.

ಅವಳ ಗಂಡ ಮರಿಯಪ್ಪ ಹೊಂಗನೂರಿಂದ ಬಂದಿದ್ದರು. ರೇಷ್ಮೆಹುಳಕ್ಕೆ ಸೊಪ್ಪು ಹಾಕೋದನ್ನ ಮಧ್ಯದಲ್ಲೇ ಬಿಟ್ಟು. ಪೆನ್‌ಡ್ರೈವ್ ಕೊಟ್ಟರು.

"ಏನೋ ಬರೀತಿದ್ಲು ಮೇಡಂ. ಅಚ್ಚಾಗೋದ್ನ ನೋಡ್ಬೇಕು ಅಂತಿದ್ಲು. ನೀವೇ ಒಸಿ ನೋಡಿ."

ಮಾರ್ಚ್ 6

ತೆರೆದು ನೋಡಿದೆ. ಯೂನಿವರ್ಸಿಟಿ ಲೈಬ್ರೇರಿಯನ್‌ಗಳು ಹತ್ತು ವರ್ಷದಲ್ಲಿ ಎಷ್ಟು ಸಂಶೋಧನಾ ಪೇಪರ್ ಬರೆದಿದ್ದಾರೆ ಅನ್ನೋ ಸರ್ವೆ. ನೂರ ಹನ್ನೆರಡು ಜನ. ಅರವತ್ತೊಂದು ಜನರ ಮುಂದೆ ಸೊನ್ನೆ. ನಾನೂ ಅದರಲ್ಲೇ. ಕಾರಣದ ಕಾಲಂನಲ್ಲಿ "ಸಮಯವಿಲ್ಲ" ಅಂತ ಬರೆದುಕೊಟ್ಟಿದ್ದೆ. ಅವಳಿಗೆ ಮಾತ್ರ ಎಲ್ಲಿಂದ ಸಿಕ್ತೋ ಸಮಯ.

ಪೂರ್ತಿ ಮುಗಿದಿದೆ. ಕೊನೆಯಲ್ಲಿ ನನಗೆ ಥ್ಯಾಂಕ್ಸ್ ಬೇರೆ.

ಮಾರ್ಚ್ 21

ಲೈಬ್ರರಿ ಮುಖ್ಯಸ್ಥರು, ಜಯಕುಮಾರ್ ಸರ್, ಕರೆದರು. "ಕಾವೇರಮ್ಮ, ನಿನ್ ಪ್ರಮೋಷನ್ ಫೈಲು ಹೋಗ್ತೈತೆ. ಒಂದಾದ್ರೂ ಪೇಪರ್ ಬೇಕು ಕಣಮ್ಮ."

ಪೆನ್‌ಡ್ರೈವ್ ವಿಷಯ ಹೇಳಿದೆ. ಯಾಕೆ ಹೇಳಿದೆನೋ...

"ಹೋದೋರ್ಗೆ ಪ್ರಮೋಷನ್ ಯಾಕೆ? ನಿನ್ನೆಸ್ರು ಹಾಕ್ಬುಡು. ಕೆಳಗೆ ನಂದೂ ಇರ್ಲಿ. ಮೂರು ಹೆಸ್ರಾದ್ರೆ ಪಾಯಿಂಟ್ ಹಂಚ್ಕೊಂಡ್ ಹೋಗ್ಬುಡ್ತವೆ."

ಸಂಜೆ ಅವಳ ಹೆಸರು ತೆಗೆದು ನಮ್ಮಿಬ್ಬರದು ಹಾಕಿದೆ. ಥ್ಯಾಂಕ್ಸ್ ಸಾಲನ್ನೂ ಅಳಿಸಿದೆ. ಏನೂ ಅನಿಸಲಿಲ್ಲ. ಅದಕ್ಕೇ ಒಂದು ಕ್ಷಣ ಹೆದರಿಕೆ ಆಯಿತು, ಅಷ್ಟೆ.

ಸೆಪ್ಟೆಂಬರ್ 10

ಪೇಪರ್ ಅಚ್ಚಾದ ಜರ್ನಲ್ ಬಂತು. ಸರ್ ಬಿಡದಿಯಿಂದ ತಟ್ಟೆ ಇಡ್ಲಿ ತರಿಸಿದ್ದರು. ತಿಂದೆ. ಚಟ್ನಿಗೆ ಉಪ್ಪು ಜಾಸ್ತಿ.

ಡಿಸೆಂಬರ್ 2

ಪ್ರಮೋಷನ್ ಆರ್ಡರ್. ಮನೆಯಲ್ಲಿ ಪಾಯಸ. ಮಲಗಿದೆ.

ಜನವರಿ 27, 2025, ಮಧ್ಯಾಹ್ನ 3.30

ಮರಿಯಪ್ಪ ಬಂದಿದ್ದಾರೆ.

"ಅಚ್ಚಾಯ್ತಾ ಮೇಡಂ?"

ಹೂಂ ಅಂದುಬಿಟ್ಟೆ.

"ಶನಿವಾರ ವರ್ಷದ ತಿಥಿ. ಒಂದು ಪುಸ್ತಕ ಕೊಡಿ. ಎಡೆ ಜೊತೆ ಫೋಟೋ ಮುಂದೆ ಇಡ್ತೀನಿ."

ಕೊಟ್ಟೆ.

"ಅವಳೆಸ್ರು ಎಲ್ಲೈತೆ? ನಂಗೆ ಇಂಗ್ಲಿಷ್ ಬರಾಕಿಲ್ಲ."

ಬೆರಳಿಟ್ಟು ತೋರಿಸಿದೆ. ನನ್ನ ಹೆಸರು.

ಆ ಪುಟವನ್ನು ಕಣ್ಣಿಗೆ ಒತ್ತಿಕೊಂಡರು. ಎರಡು ಸಲ.

3.50

ಹೋಗಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ, ಪುಸ್ತಕ ತೊಡೆ ಮೇಲಿದೆ. ಮಗಳು ಧನುಶ್ರೀಗೆ ಇಲ್ಲೇ ಡಿಗ್ರಿ ಕಾಲೇಜು. ನಾಲ್ಕಕ್ಕೆ ಬರ್ತಾಳಂತೆ. "ಅವಳ ಕೈಲಿ ಓದುಸ್ತೀನಿ ಮೇಡಂ, ನೀವೂ ಬನ್ನಿ" ಅಂದರು.

ಹತ್ತು ನಿಮಿಷ ಇದೆ. ಎದ್ದು ಹೋಗಿ ನಾನೇ ಹೇಳಬಹುದು. ಹನ್ನೆರಡು ಹೆಜ್ಜೆ. ಹೇಳಬೇಕು. ಕೂತು ಇದನ್ನ ಬರೀತಿದ್ದೇನೆ.

3.57

ಮೆಟ್ಟಿಲ ಹತ್ತಿರ "ಅಪ್ಪಾ" ಅಂದ ಹಾಗಾಯಿತು. ಹುಡುಗಿ ದನಿ. ಮರಿಯಪ್ಪ ಪುಟ ತಿರುಗಿಸ್ತಿದ್ದಾರೆ. ನಾನು ಈಗಲೇ—