ಲೇಬಲ್ ಇಲ್ಲದ ಗೇರುಹಣ್ಣು

ಫೆಬ್ರವರಿ ೧೮, ಮಂಗಳವಾರ

ಆ ಗೇರುಹಣ್ಣು ಇನ್ನೂ ಮೇಜಿನ ಮೇಲೆಯೇ ಉಂಟು. ಕೋಣೆಯಿಡೀ ಅದರದ್ದೇ ಪರಿಮಳ.

ಇವತ್ತು ಒಂಬತ್ತನೇ ಕ್ಲಾಸಿನಲ್ಲಿ ಏನೇನು ಬೆರೆಸಿದ್ದಾರೆ ನೋಡಿ ತಿನ್ನಿ ಅಂತ ತಿಂಡಿ ಪ್ಯಾಕೆಟಿನ ಲೇಬಲ್ ಓದಿಸಿದೆ. ಹುರುಪಿನಲ್ಲಿ, "ಊರಿನ ಹಣ್ಣಾದರೆ ಕಣ್ಣು ಮುಚ್ಚಿ ತಿನ್ನಿ" ಅಂದುಬಿಟ್ಟೆ. ಎಣ್ಮಕಜೆಯಲ್ಲಿ ನಿಂತು ಹೇಳುವ ಮಾತಾ ಅದು!

ರಮ್ಯಶ್ರೀ ಬ್ಯಾಗಿನಿಂದ ಈ ಹಣ್ಣು ತೆಗೆದಳು. "ಇದಕ್ಕೆ ಲೇಬಲ್ ಇಲ್ಲವಲ್ಲ ಟೀಚರ್. ಚಿಕ್ಕಮ್ಮ ಆಸೆಪಡ್ತಾಳೆ, ಕೊಡಬಹುದಾ?"

ಹೆಲಿಕಾಪ್ಟರಿನಿಂದ ಈ ಊರಿನ ಗೇರುತೋಟಕ್ಕೆ ಕೀಟನಾಶಕದ ವಿಷ ಸುರಿಯುತ್ತಿದ್ದ ಕಾಲದಲ್ಲಿ ಹುಟ್ಟಿದವಳು ಆ ಚಿಕ್ಕಮ್ಮ. ಎದ್ದು ನಡೆದವಳೇ ಅಲ್ಲ. ಉಣ್ಣಿಸುವುದು ರಮ್ಯಶ್ರೀಯೇ.

"ನನಗೆ ಗೊತ್ತಿಲ್ಲ ಮಗಾ," ಅಂದೆ.

ಹಣ್ಣನ್ನು ನನ್ನ ಕೈಯಲ್ಲಿಟ್ಟು, "ಬೇಜಾರು ಮಾಡಬೇಡಿ ಟೀಚರ್, ಗೊತ್ತಿದ್ದವರನ್ನು ನಾಳೆ ಇಬ್ಬರೂ ಕೇಳುವ," ಅಂತ ನನ್ನನ್ನೇ ಸಮಾಧಾನ ಮಾಡಿದಳು.

ಒಂದೊಂದು ತುತ್ತಿಗೂ ಯೋಚಿಸುವ ಮಗುವಿಗೆ ನಾನು ಯೋಚಿಸಲು ಕಲಿಸುತ್ತಿದ್ದೆ.